ಮದ್ದು ಕುಡಿದ ಮರಕ್ಕೆ ಮೊಳೆ

ಆ ಬಾಗ್ಲು ಮುಂದಕ್ಕೆ ಮಾಡು ಇಂದ್ರಾಣಿ. ಚಿಲಕ ಹಾಕ್ಬೇಡ, ಚಿಲಕ ಹಾಕಿದ್ರೆ ಎದುರುಮನೆ ಗಿರಿಜಕ್ಕಂಗೆ ತಡೆಯಲ್ಲ, ಹೆಪ್ಪಿಗೆ ಮೊಸರು ಬೇಕು ಅಂತ ಲೋಟ ಹಿಡ್ಕೊಂಡು ಬಂದ್ಬಿಡ್ತಾಳೆ. ಈಗ ಆ ಸ್ಕರ್ಟಿನ ಮೇಲೆ ಕೈ ಇಡು. ನಿಂಗೆ ಅನ್ನ ಹಾಕೋ ಬಟ್ಟೆ ಅದು. ನಾನು ಹೇಳೋದನ್ನ ಯಾರಿಗೂ ಹೇಳಲ್ಲ, ನಿನ್ ಗಂಡಂಗೂ ಹೇಳಲ್ಲ ಅನ್ನು. ಬಾಯಲ್ಲೇ ಗುನುಗಿದ್ರೆ ಆಗಲ್ಲ, ನಂಗೆ ಕೇಳೋ ಹಾಗೆ ಅನ್ನು. ಹೂಂ, ಸಾಕು.

ನೀನು ಕೇಳಿದ್ದೇನು? "ಯಾರ ಕಣ್ಣಿಗೂ ಬೀಳ್ದೇ ಇರೋ ತಪ್ಪನ್ನ ನಾವೇ ಹೋಗಿ ಹೇಳ್ಕೋಬೇಕಾ ದೊಡ್ಡಮ್ಮ?" ಅಂತ ತಾನೆ?

ಹೆಣ್ಮಕ್ಕಳ ಸ್ಕೂಲಿಗೆ ಎಪ್ಪತ್ತು ಸ್ಕರ್ಟು ಹೊಲ್ದಿದೀಯ. ಸೂರಿನ ನೀರು ಬಿದ್ದು ದಾರ ಲಡ್ಡಾಗಿತ್ತು, ಎಳೆದ್ರೆ ಪಟ್ ಅಂತ ಕಿತ್ತು ಬರತ್ತೆ. ಅದು ನಿಂಗೆ ಗೊತ್ತಾಗಿದ್ದು ಎಲ್ಲಾ ಹೊಲ್ದು ಇಸ್ತ್ರಿ ಹಾಕಿದ ಮೇಲೆ. ಮೇಲಿಂದ ನೋಡಿದ್ರೆ ಹೊಲಿಗೆ ಒಂದು ಚೂರೂ ಸೊಟ್ಟ ಇಲ್ಲ. ನಾಳೆ ಅವ್ರು ತಗೊಂಡು ಹೋಗ್ತಾರೆ. ಹೇಳಿದ್ರೆ ನಿನ್ನ ಮೊದಲ್ನೇ ದೊಡ್ಡ ಕೆಲ್ಸಾನೇ ಕೊನೇದೂ ಆಗ್ಬಹುದು. ಹೇಳ್ದಿದ್ರೆ ಯಾವತ್ತೋ ಒಂದು ದಿನ ಯಾರ ಮನೆ ಹೆಣ್ಣುಮಗೂನೋ ಪ್ರೇಯರ್ ಸಾಲಲ್ಲಿ ಬಗ್ಗತ್ತೆ, ಹಿಂದೆ ಹೊಲಿಗೆ ಬಿಡತ್ತೆ, ಇಡೀ ಸ್ಕೂಲು ನೋಡತ್ತೆ.

ಬೇಕು, ಬೇಡ ಅಂತ ನಾನು ಹೇಳಲ್ಲ. ಒಂದು ಕತೆ ಹೇಳ್ತೀನಿ, ಕೇಳ್ಕೋ.

ನೀನು ಈ ಊರಿಗೆ ಸೊಸೆಯಾಗಿ ಬರೋಕೆ ಎಷ್ಟೋ ಮುಂಚೆ ಆಗಿದ್ದು. ಒಬ್ಬ ಆಚಾರಿ ಅನ್ಕೋ. ಒಬ್ಬ ಅಂಗಡಿಯವನು ಅನ್ಕೋ, ಮೊಳೆ, ಬೀಗ, ಬಣ್ಣ, ಹಗ್ಗ ಮಾರೋನು. ಹೆಸ್ರು ಕೇಳ್ಬೇಡ. ಏನು, ಊರಲ್ಲಿ ಇರೋದೇ ಒಬ್ಬ ಆಚಾರಿ ಅಂತೀಯಾ? ಸರಿ ಬಿಡು, ನೀನು ಜಾಣೆ. ಜಾಣೆಯಾಗಿ ಬಾಯಿ ಮುಚ್ಕೊಂಡು ಕೇಳು.

ಕೆರೆ ಕೋಡಿಗೆ ಅಡ್ಡ ಇರೋ ಮರದ ಸೇತುವೆ ನೀನು ದಿನಾ ದಾಟ್ತೀಯಲ್ಲ, ಮುಂಚೆ ಅದು ಇರ್ಲಿಲ್ಲ. ಹಳೇ ಸೇತುವೆ ಕೊಚ್ಕೊಂಡು ಹೋಗಿ ಕಲ್ಲಿನ ಕಂಬ ಮಾತ್ರ ಉಳ್ದಿತ್ತು. ಪೇಟೆ ಆ ಕಡೆ, ಸ್ಕೂಲು ಆ ಕಡೆ, ಮನೆಗಳು ಈ ಕಡೆ. ಹೆಣ್ಮಕ್ಕಳು ಚೀಲ ಹೊತ್ಕೊಂಡು ಕೆರೆ ಸುತ್ತಿ ಹೋಗ್ಬೇಕಿತ್ತು. ಮುಕ್ಕಾಲು ಗಂಟೆ ನಡಿಗೆ. ಎಷ್ಟೋ ಜನ ಏಳನೇ ಕ್ಲಾಸಿಗೇ ಬಿಡಿಸ್ಬಿಟ್ರು.

ಆಮೇಲೆ ಪಂಚಾಯ್ತಿಯೋರು ಮರ ತರಿಸಿದ್ರು. ಕಲ್ಲಿನ ಕಂಬದ ಮೇಲೆ ತೊಲೆ, ತೊಲೆ ಮೇಲೆ ಹಲಗೆ. ಲಾರಿಯಿಂದ ಇಳಿಸ್ವಾಗ ನಾನೂ ನೋಡ್ದೆ. ಹಲಗೆ ಹಸಿರು ಹಸಿರು, ಪಾಚಿ ಹತ್ತಿದ ಹಾಗೆ. ಎಂಜಿನಿಯರ್ ಒಬ್ಬ ಬಂದಿದ್ದ, ನೆರಳಲ್ಲೂ ಕಪ್ಪು ಕನ್ನಡಕ. "ಇದು ಮದ್ದು ಕುಡಿಸಿದ ಮರ ಕಣ್ರಮ್ಮ. ದೊಡ್ಡ ಟ್ಯಾಂಕಲ್ಲಿ ಹಾಕಿ, ಒತ್ತಡ ಕೊಟ್ಟು, ಮದ್ದು ಒಳಕ್ಕೆ ಇಳಿಸ್ತಾರೆ. ಗೆದ್ದಲು ಮುಟ್ಟಲ್ಲ, ಕೊಳೆಯಲ್ಲ" ಅಂದ. ಅಷ್ಟು ಹೇಳಿ ಎಳನೀರು ಕುಡ್ದು ಹೊರಟ. ಆ ಮದ್ದು ಮೊಳೇನ ಏನು ಮಾಡತ್ತೆ ಅಂತ ಹೇಳ್ಲಿಲ್ಲ.

ಕೆಲ್ಸ ಆಚಾರಿಗೆ ಬಂತು. ಆಗ ಅವ್ನು ಹೊಸದಾಗಿ ಒಂದು ಮೊಳೆ ಗನ್ನು ತಗೊಂಡಿದ್ದ. ಗಾಳಿ ತುಂಬೋ ಕಂಪ್ರೆಸರ್‌ಗೆ ಕೊಳವೆ ಹಾಕಿ, ಹಲಗೆ ಮೇಲಿಟ್ಟು ಒತ್ತಿದ್ರೆ ಟಪ್ ಅಂತ ಮೊಳೆ ಒಳಗೆ. ಇಡೀ ತಾಲೂಕಲ್ಲಿ ಅಂಥದ್ದು ಅವ್ನ ಹತ್ರ ಒಂದೇ ಇತ್ತು. ಅದನ್ನ ಮಗೂನ ಎತ್ಕೊಂಡ ಹಾಗೆ ಹೆಗಲ ಮೇಲೆ ಎತ್ಕೊಂಡು ಓಡಾಡ್ತಿದ್ದ. ನಾನು ಆಡ್ಕೊಂಡಿದೀನಿ, ಸುಳ್ಳು ಯಾಕೆ ಹೇಳ್ಲಿ. "ಹೆಂಡ್ತಿನ ಒಂದಿನ ಸಿನಿಮಾಗೆ ಕರ್ಕೊಂಡು ಹೋಗ್ಲಿಲ್ಲ, ಗನ್ನಿಗೆ ಜರಿ ಟವಲು ಹೊದಿಸ್ತಾನೆ" ಅಂತ.

ಆ ಗನ್ನಿಗೆ ಬಿಡಿ ಮೊಳೆ ಹಾಕೋಕೆ ಆಗಲ್ಲ. ಬಾಚಣಿಗೆ ಹಲ್ಲಿನ ಥರ ಸಾಲಾಗಿ ಅಂಟಿಸಿರೋ ಪಟ್ಟಿ ಬರತ್ತೆ. ಪಟ್ಟೀಲಿ ಮೊಳೆ ಓರೆಯಾಗಿ ನಿಂತಿರತ್ತೆ. ಒಂದು ಜಾತಿ ಗನ್ನಿಗೆ ಜಾಸ್ತಿ ಓರೆ, ಇನ್ನೊಂದು ಜಾತಿಗೆ ಕಮ್ಮಿ ಓರೆ. ಇದ್ರದ್ದು ಅದಕ್ಕೆ ಕೂರಲ್ಲ. ಇಷ್ಟು ನೆನಪಿಟ್ಕೋ.

ಆಚಾರಿ ಅಂಗಡಿಗೆ ಹೋಗಿ ಕೇಳ್ದ. "ಅಣ್ಣ, ಮದ್ದು ಕುಡಿದ ಮರ. ಬಿಸಿ ಸತುವಲ್ಲಿ ಅದ್ದಿ ತೆಗ್ದಿರೋ ಮೊಳೆ ಬೇಕು."

ಅಂಗಡಿಯವನು ಕೇಳ್ದ. "ನಿನ್ ಗನ್ನು ಯಾವ ಓರೆದು?"

"ಜಾಸ್ತಿ ಓರೆದು."

"ಅದ್ದಿದ ಮೊಳೆ ಕಮ್ಮಿ ಓರೆ ಪಟ್ಟೀಲಿ ಮಾತ್ರ ಸಿಗತ್ತೆ. ತರಿಸೋಕೆ ಹದಿನೈದು ದಿನ ಆಗತ್ತೆ, ಬಂದ್ರೂ ನಿನ್ ಗನ್ನಿಗೆ ಕೂರಲ್ಲ. ಇದು ತಗೋ. ಇದೂ ಸತು ಹಾಕಿರೋದೇ. ಹೆಂಗೆ ಹೊಳೀತಿದೆ ನೋಡು."

ಹೊಳೀತಿತ್ತು ಕಣೆ. ಬೆಳ್ಳಿ ಕಡ್ಡಿ ಜೋಡಿಸಿಟ್ಟ ಹಾಗೆ. ಅಂಗಡಿಯವನು ಅದನ್ನ ರಟ್ಟಿನ ಪೆಟ್ಟಿಗೆಯಿಂದ ತೆಗ್ದು, ಗೋಣಿಚೀಲಕ್ಕೆ ಹಾಕಿ ಕೊಟ್ಟ. ಆಚಾರಿ ಒಂದು ಪಟ್ಟಿ ಕೈಲಿ ಹಿಡ್ಕೊಂಡು ಉಗುರಲ್ಲಿ ಗೀರ್ದ. ಆಮೇಲೆ ತನ್ನ ಗನ್ನಿಗೆ ಹಾಕಿ ನೋಡ್ದ. ಸರಿಯಾಗಿ ಕೂತ್ಕೊಂತು. ಅಲ್ಲಿಗೆ ಮನಸ್ಸೂ ಕೂತ್ಕೊಂತು. ತಗೊಂಡು ಹೋದ.

ಹತ್ತೇ ದಿನಕ್ಕೆ ಸೇತುವೆ ಎದ್ದು ನಿಂತಿತು. ಟಪ್ ಟಪ್ ಅಂತ ಇಡೀ ಕೆರೆಗೆ ಕೇಳೋದು. ಪಂಚಾಯ್ತಿಯೋರು ಆಚಾರಿಗೆ ಹಾರ ಹಾಕಿದ್ರು, ಶಾಲು ಹೊದಿಸಿದ್ರು. ಮಾರನೇ ದಿನದಿಂದ ಹೆಣ್ಮಕ್ಕಳು ಹತ್ತು ನಿಮಿಷಕ್ಕೆ ಸ್ಕೂಲಿಗೆ. ಬಿಡಿಸಿದ್ದೋರನ್ನೂ ಮತ್ತೆ ಸೇರಿಸಿದ್ರು. ನಮ್ಮ ಹಿಂದಿನ ಬೀದಿ ಮಂಜುಳ ನರ್ಸ್ ಆಗಿದಾಳಲ್ಲ, ಅವ್ಳು ಅಂಥೋಳೇ.

ಈಗ ಆಚಾರಿಯದ್ದೊಂದು ಅಭ್ಯಾಸ ಕೇಳು. ಅವ್ನು ಮಾಡಿದ ಕೆಲ್ಸ ಎಲ್ಲೇ ಇರ್ಲಿ, ಮಳೆಗಾಲ ಮುಗಿದ ಮೇಲೆ ಒಂದು ಸಲ ಹೋಗಿ ನೋಡ್ಕೊಂಡು ಬರ್ತಾನೆ. ಯಾರೂ ಕರ್ದಿರಲ್ಲ. ನಮ್ಮನೆ ಅಡುಗೆಮನೆ ಕಿಟಕಿ ಮಾಡ್ಕೊಟ್ಟು ಮೂರು ವರ್ಷ ಆದ ಮೇಲೂ ಬಂದಿದ್ದ. ಸುತ್ತಿಗೆ ಹಿಡಿಯಿಂದ ಚೌಕಟ್ಟನ್ನ ತಟ್ಟಿ, ಕಿವಿ ಇಟ್ಟು ಕೇಳ್ತಾನೆ. "ಏನಪ್ಪ, ಒಳಗೆ ಯಾರಾದ್ರೂ ಇದಾರಾ?" ಅಂದೆ ನಾನು. ನಗ್ಲೂ ಇಲ್ಲ. ಕೇಳಿದ, ಕಾಫಿ ಕುಡ್ದ, ಹೋದ.

ಎರಡನೇ ಮಳೆಗಾಲ ಕಳೆದ ಮೇಲೆ ಸೇತುವೆ ಹತ್ರ ಹೋಗಿದಾನೆ. ಮೇಲೆ ಹುಡುಗೀರು ಕುಣ್ಕೊಂಡು ಹೋಗ್ತಿದ್ರಂತೆ, ಒಂದು ಹಲಗೆಯೂ ಅಲ್ಲಾಡಲ್ಲ. ಇವ್ನು ಕೆಳಗೆ ಇಳ್ದು, ಕೆಸರಲ್ಲಿ ನಿಂತು ತಟ್ಟಿದಾನೆ. ಸದ್ದು ಹಿಡಿಸ್ಲಿಲ್ಲ. ಮೊಳೆ ಇರೋ ಕಡೆಯಲ್ಲೆಲ್ಲ ಮರದ ಮೇಲೆ ಕರೀ ಗೆರೆ ಇಳ್ದಿತ್ತು, ಅತ್ತ ಕಣ್ಣಿಂದ ಕಾಡಿಗೆ ಇಳಿಯತ್ತಲ್ಲ, ಹಾಗೆ. ಮೇಲೆ ಬಂದು ಇಕ್ಕಳ ಹಾಕಿ ಒಂದು ಮೊಳೆ ಎಳ್ದ. ತಲೆ ಹೊಸದರ ಹಾಗೇ ಇದೆ. ಮೈ ಇಲ್ಲ. ದಬ್ಬಣದಷ್ಟು ದಪ್ಪ ಇದ್ದಿದ್ದು ಹೊಲಿಗೆ ಸೂಜಿ ಆಗಿದೆ. ಇನ್ನೊಂದು ಎಳ್ದ, ಅದು ಅರ್ಧಕ್ಕೇ ಮುರ್ಕೊಂಡು ಕೈಗೆ ಬಂತು.

ಆ ಮದ್ದಲ್ಲಿ ತಾಮ್ರ ಇರತ್ತಂತೆ ಕಣೆ. ಮರಾನ ಕಾಪಾಡತ್ತೆ, ಆದ್ರೆ ಒದ್ದೆಯಾದಾಗ ಕಬ್ಬಿಣಾನ ತಿನ್ನತ್ತೆ. ಹೊಳಪಿನ ಮೊಳೆಗೆ ಸತು ಬರೀ ಮುಖಕ್ಕೆ ಪೌಡರ್ ಹಾಕಿದಷ್ಟು. ಬಿಸಿ ಸತುವಲ್ಲಿ ಅದ್ದಿದ್ದಾದ್ರೆ ಬೂದಿ ಬಣ್ಣ, ಮೈಯೆಲ್ಲ ತರಿತರಿ, ನೋಡೋಕೆ ಏನೂ ಚೆನ್ನಾಗಿಲ್ಲ. ಸತು ಅದ್ರಲ್ಲಿ ಕಂಬಳಿ ಹೊದ್ದ ಹಾಗೆ ದಪ್ಪ. ಇದನ್ನೆಲ್ಲ ನಂಗೆ ಹೇಳಿದ್ದು ಆಚಾರೀನೇ, ಆಮೇಲೆ. ನಾನು ಆರನೇ ಕ್ಲಾಸು ಓದಿರೋಳು. ನಂಗೆ ಅರ್ಥ ಆಗೋ ಹಾಗೆ ಹೇಳ್ದ, ಎಂಜಿನಿಯರ್ ಥರ ಮೂಗು ಮೇಲೆ ಮಾಡ್ಕೊಂಡು ಅಲ್ಲ.

ಈಗ ಅವ್ನ ಜಾಗದಲ್ಲಿ ನಿನ್ನ ಇಟ್ಕೊಂಡು ನೋಡು. ಸೇತುವೆ ಗಟ್ಟಿಯಾಗಿ ಕಾಣ್ತಿದೆ. ಯಾರಿಗೂ ಅನುಮಾನ ಇಲ್ಲ. ಅದೇ ತಿಂಗಳು ಪೇಟೆ ಛತ್ರದ ಬಾಗ್ಲು ಕೆಲ್ಸ ಅವ್ನಿಗೇ ಅಂತ ಮಾತಾಗಿದೆ, ಇಪ್ಪತ್ತೆಂಟು ಬಾಗ್ಲು. ಅವ್ನ ಜೀವಮಾನದಲ್ಲೇ ಅಂಥ ಕೆಲ್ಸ ಬಂದಿರ್ಲಿಲ್ಲ. ಒಂದು ತಿಂಗಳು ಬಾಯಿ ಮುಚ್ಕೊಂಡು ಇದ್ದಿದ್ರೆ ಸಾಕಿತ್ತು.

ಅವತ್ತು ಸಂಜೆ ಪಂಚಾಯ್ತಿ ಮುಂದೆ ಸಭೆ ಸೇರಿತ್ತು. ನಾನೂ ಇದ್ದೆ, ಎಲ್ಲಿ ಸಭೆ ಸೇರಿದ್ರೂ ಇರ್ತೀನಿ. ಆಚಾರಿ ಕೆಸರುಕಾಲಲ್ಲೇ ಬಂದ. ಆ ಎರಡು ಮೊಳೆ ಅಧ್ಯಕ್ಷರ ಮೇಜಿನ ಮೇಲಿಟ್ಟ.

"ಸೇತುವೆ ಮೇಲೆ ಇನ್ನು ಯಾರೂ ಕಾಲಿಡ್ಬಾರ್ದು. ಎರಡೂ ಕಡೆ ಹಗ್ಗ ಕಟ್ಟಿ ಬಂದಿದೀನಿ. ತಪ್ಪು ಮೊಳೆ ಹೊಡ್ದಿದೀನಿ."

ಜನ ನಕ್ಕರು. ಮೆಂಬರ್ ಬೋರಲಿಂಗಯ್ಯ, ಅವ್ರ ನಾಲಿಗೆಗೆ ಮೂಳೆ ಎಲ್ಲಿದೆ, "ನಿಂತಿರೋ ಸೇತುವೆನ ಬೀಳತ್ತೆ ಅಂತೀಯಲ್ಲೋ, ಬೆಳಗ್ಗೆಯಿಂದ್ಲೇ ಹಾಕ್ಕೊಂಡಿದೀಯಾ?" ಅಂದ್ರು. ಆಚಾರಿ ಸೂಜಿಯಾಗಿದ್ದ ಮೊಳೆ ತಗೊಂಡು ಎರಡು ಬೆರಳಲ್ಲಿ ಬಗ್ಗಿಸ್ದ. ಪಟ್ ಅಂತು.

ಅಧ್ಯಕ್ಷರು ಕೇಳಿದ್ರು. "ಮೊಳೆ ಯಾವ ಅಂಗಡೀದು?"

ಅಂಗಡಿಯವನು ಅಲ್ಲೇ ಇದ್ದ, ಮೂರನೇ ಸಾಲಲ್ಲಿ. ಆಚಾರಿ ಆ ಕಡೆ ತಿರುಗೂ ನೋಡ್ಲಿಲ್ಲ. "ಅಂಗಡಿ ಯಾವ್ದಾದ್ರೇನು ಸ್ವಾಮಿ. ಆರಿಸ್ಕೊಂಡೋನು ನಾನು. ಮರಕ್ಕೆ ತಕ್ಕ ಮೊಳೆ ನೋಡಿ, ಮೊಳೆಗೆ ತಕ್ಕ ಗನ್ನು ತಗೋಬೇಕಿತ್ತು. ನಾನು ಗನ್ನು ಕೈಲಿ ಹಿಡ್ಕೊಂಡು ಅದಕ್ಕೆ ಕೂರೋ ಮೊಳೆ ಹುಡುಕ್ದೆ."

ಇಷ್ಟೇ ಕಣೆ ಅವ್ನು ಹೇಳಿದ್ದು. ನಾನು ಎಂತೆಂಥಾ ಭಾಷಣ ಕೇಳಿದೀನಿ. ಅಂಥದ್ದು ಕೇಳಿಲ್ಲ.

ಆಮೇಲೆ ಊರು ಅವ್ನನ್ನ ಬಿಡ್ತಾ? ಹೆಣ್ಮಕ್ಕಳು ಮತ್ತೆ ಕೆರೆ ಸುತ್ತೋ ಹಾಗಾಯ್ತು. ತಾಯಂದಿರು ಅವ್ನ ಮನೆ ಮುಂದೆ ನಿಂತು ಬೈದ್ರು. ಛತ್ರದೋರು ಬಾಗ್ಲು ಕೆಲ್ಸ ಬೇರೆಯೋನಿಗೆ ಕೊಟ್ರು. ನಾನೂ ಬೈದೆ. "ಗನ್ನು ಕಂಡು ಮೆರೆದ, ಈಗ ಅನುಭವಿಸ್ತಾನೆ" ಅಂತ ನಲ್ಲಿ ಹತ್ರ ಹೇಳ್ದೆ. ಎಲ್ರೂ ನಕ್ಕರು.

ಅವ್ನು ಏನು ಮಾಡ್ದ ಗೊತ್ತಾ? ಮೊದ್ಲು ಮೊಳೆ ಪರೀಕ್ಷೆ ಮಾಡ್ದ. ಆ ಹಸಿರು ಮರದ ಹೊಟ್ಟನ್ನ ಮಡಕೆಗೆ ತುಂಬಿ, ನೀರು ಚಿಮುಕಿಸಿ, ಅದ್ರಲ್ಲಿ ಮೊಳೆ ನೆಟ್ಟ. ಬರೀ ಕಬ್ಬಿಣದ್ದೊಂದು, ಹೊಳಪಿಂದೊಂದು, ಬೂದಿ ಬಣ್ಣದ್ದೊಂದು. ಸ್ಟೀಲಿಂದೂ ಒಂದು. ಅವ್ನ ಹೆಂಡ್ತಿ ದಿನಾ ಬೆಳಗ್ಗೆ ತುಳಸಿಗೆ ನೀರು ಹಾಕ್ವಾಗ ಅದಕ್ಕೂ ಹಾಕೋಳು. ನಾನು ಕಾಂಪೌಂಡಿಂದ ಇಣುಕಿ, "ಏನಮ್ಮ, ಮೊಳೆ ಚಿಗುರ್ತಾ?" ಅಂದೆ. ಅವ್ಳು, "ಚಿಗುರಿದ್ರೆ ನಿಮ್ಗೊಂದು ಗಿಡ ಕೊಡ್ತೀನಿ ಬಿಡಿ ಅಕ್ಕ" ಅಂದ್ಲು. ಅವ್ಳೇನು ಕಮ್ಮಿಯಿಲ್ಲ. ಒಂದು ತಿಂಗಳಾದ ಮೇಲೆ ತೆಗ್ದು ನೋಡಿದ್ರು. ಕಬ್ಬಿಣದ್ದು ಕೆಂಪು ಪುಡಿ ಬಿಟ್ಟಿತ್ತು. ಹೊಳಪಿಂದು ಕಪ್ಪಾಗಿತ್ತು. ಬೂದಿ ಬಣ್ಣದ್ದು ಹಾಗೇ ಇತ್ತು. ಸ್ಟೀಲಿಂದೂ ಹಾಗೇ, ಆದ್ರೆ ಅದ್ರಲ್ಲಿ ಪಟ್ಟಿ ಬೇಕಾದಷ್ಟು ಸಿಗ್ಲಿಲ್ಲ.

ಆಮೇಲೆ ಆ ಗನ್ನನ್ನ ಕೊಟ್ಟು, ಕಮ್ಮಿ ಓರೆಯ ಗನ್ನು ತಂದ. ಹಳೇದು, ಬಣ್ಣ ಹೋಗಿದ್ದು. ಇದಕ್ಕೆ ಟವಲ್ಲೂ ಇಲ್ಲ, ಏನೂ ಇಲ್ಲ. ಇಪ್ಪತ್ತಾರು ದಿನ ಸೇತುವೆ ಮೇಲೆ ಮಂಡಿಯೂರಿ ಕೂತು ಹಳೇ ಮೊಳೆ ಒಂದೊಂದೇ ಎಳ್ದ. ಮುರಿದಿದ್ದನ್ನ ಕೊರೆದು ತೆಗ್ದ. ಹೊಸ ಮೊಳೆಗೆ ಮೈಸುತ್ತ ಉಂಗುರ ಉಂಗುರ ಗೆರೆ, ಮರ ಒಣಗಿ ಸಡಿಲ ಆದ್ರೂ ಕಚ್ಕೊಂಡಿರೋಕೆ. ಕಂಪ್ರೆಸರ್ ಗಾಳಿ ಕಮ್ಮಿ ಇಟ್ಟ. ಜಾಸ್ತಿ ಇಟ್ರೆ ಮೊಳೆ ತಲೆ ಮೆತ್ತಗಿರೋ ಹಲಗೆ ಒಳಗೆ ಹೂತು ಹೋಗತ್ತಂತೆ, ಆ ಗುಳಿಯಲ್ಲಿ ನೀರು ನಿಲ್ಲತ್ತಂತೆ. ಗನ್ನು ಒಂಚೂರು ಬಾಕಿ ಬಿಡೋದು, ಅದನ್ನ ಇವ್ನು ಸುತ್ತಿಗೆಯಿಂದ ಕೈಯಾರೆ ಕೂರಿಸೋನು. ಪ್ರತೀ ಮೊಳೇನೂ ಇಂದ್ರಾಣಿ. ಬೆರಳು ಸವರಿ ನೋಡಿದ್ರೆ ತಲೆ ಎಲ್ಲಿದೆ ಅಂತ ಗೊತ್ತಾಗಲ್ಲ.

ನಾನು ಒಂದಿನ ಕಾಫಿ ತಗೊಂಡು ಹೋದೆ. ಬೈದ ಬಾಯಿ ಅಲ್ವಾ, ಸುಮ್ನೆ ಇರೋಕೆ ಆಗ್ಲಿಲ್ಲ. ಮಂಡಿ ಎರಡೂ ಒಡ್ದು ರಕ್ತ ಒಣಗಿತ್ತು. "ಗನ್ನು ಇದ್ರೂ ಸುತ್ತಿಗೆ ಯಾಕಪ್ಪ?" ಅಂದೆ. "ಗನ್ನು ಹೊಡೆಯತ್ತೆ ಅಕ್ಕ, ನೋಡಲ್ಲ" ಅಂದ.

ಈ ಬೀದೀಲಿ ಯಾರ ಹುಳುಕು ನಂಗೆ ಗೊತ್ತಿಲ್ಲ ಹೇಳು? ಯಾರ ಸೊಸೆ ಯಾಕೆ ತವರಿಗೆ ಹೋದ್ಲು, ಯಾರ ಹಾಲಿಗೆ ಎಷ್ಟು ನೀರು, ಎಲ್ಲಾ ಗೊತ್ತು. ಆಚಾರೀಲಿ ಹುಳುಕು ಹುಡುಕಿ ಹುಡುಕಿ ಸಾಕಾಯ್ತು ನಂಗೆ. ಇದ್ದಿದ್ದೊಂದನ್ನ ಅವ್ನೇ ಮೇಜಿನ ಮೇಲಿಟ್ಬಿಟ್ಟ.

ಅಂಗಡೀಲಿ ನಡೆದ ಮಾತೊಂದು ಬಿಟ್ರೆ ಇಷ್ಟೂ ಊರಿಗೇ ಗೊತ್ತಿರೋದು. ಇದಕ್ಕೆ ಆಣೆ ಯಾಕೆ ಹಾಕಿಸ್ಕೊಂಡೆ ಅಂತ ಕೇಳ್ತೀಯ. ಹತ್ರ ಬಾ.

ಆ ಹೊಳಪಿನ ಮೊಳೆ ಇತ್ತಲ್ಲ, ಅದ್ರ ರಟ್ಟಿನ ಪೆಟ್ಟಿಗೆ. ಅದು ನಮ್ಮನೇಲಿತ್ತು.

ಹೂಂ ಕಣೆ. ಅಂಗಡಿಯವನು ಬೇರೆ ಯಾರೂ ಅಲ್ಲ, ನಮ್ಮನೆಯೋರೇ. ಅಂಗಡೀಲಿ ರಟ್ಟು ಉಳಿದ್ರೆ ಮನೆಗೆ ತರ್ತಾರೆ, ನಾನು ಕತ್ತರಿಸಿ ಮಸಾಲೆ ಡಬ್ಬದ ಕೆಳಗೆ ಹಾಸ್ತೀನಿ. ಸಭೆ ಆದ ಮಾರನೇ ದಿನ ಡಬ್ಬ ತೊಳೆಯೋಕೆ ತೆಗ್ದೆ. ಅಡಿಯಲ್ಲಿ ಹಾಸಿದ್ದ ರಟ್ಟಿನ ಮೇಲೆ ಮೊಳೆ ಚಿತ್ರ, ಪಕ್ಕದಲ್ಲಿ ಕೆಂಪಕ್ಷರ. ಇಂಗ್ಲಿಷು. ಮಗಳು ರಜಕ್ಕೆ ಬಂದಿದ್ಲು, ಓದು ಅಂದೆ. "ಮನೆ ಒಳಗಿನ ಕೆಲಸಕ್ಕೆ ಮಾತ್ರ, ಮದ್ದು ಹಾಕಿದ ಮರಕ್ಕೆ ಬಳಸಬಾರದು ಅಂತ ಇದೆ ಅಮ್ಮ" ಅಂದ್ಲು.

ನಮ್ಮನೆಯೋರಿಗೆ ಇಂಗ್ಲಿಷ್ ಓದೋಕೆ ಬರತ್ತೆ. ಎಸ್ಸೆಸ್ಸೆಲ್ಸಿ ಅವ್ರು.

ಕೇಳ್ದೆ. "ಗೊತ್ತಿದ್ದೂ ಕೊಟ್ರಾ?" ಅಂದೆ. ತಟ್ಟೆ ಬಿಟ್ಟು ಎದ್ರು. ಸರಕು ಎರಡು ವರ್ಷದಿಂದ ಕೂತಿತ್ತು, ಹೋದ್ರೆ ಸಾಕಾಗಿತ್ತು ಅಂತ ನಾನೇ ತಿಳ್ಕೊಂಡೆ.

ಆಚಾರಿಗೆ ಯಾರು ಕೊಟ್ಟಿದ್ದು ಅಂತ ಗೊತ್ತು, ಪೆಟ್ಟಿಗೆಯಿಂದ ಯಾಕೆ ತೆಗ್ದು ಕೊಟ್ರು ಅಂತಾನೂ ಅಷ್ಟೊತ್ತಿಗೆ ಹೊಳ್ದಿರತ್ತೆ. ಒಂದು ಮಾತು ಆಡಿದ್ರೆ ಬೈಗುಳ ಎಲ್ಲಾ ನಮ್ಮ ಮನೆ ಮುಂದೆ ಬಂದು ನಿಲ್ತಿತ್ತು. ಆಡ್ಲಿಲ್ಲ. ಹೊಸ ಮೊಳೆ ತರಿಸೋಕೂ ನಮ್ಮ ಅಂಗಡಿಗೇ ಬಂದ. ನಾನು ಅವತ್ತು ಊಟದ ಕ್ಯಾರಿಯರ್ ಕೊಡೋಕೆ ಹೋಗಿದ್ದೆ, ಕಣ್ಣಾರೆ ನೋಡಿದೀನಿ. ನಮ್ಮನೆಯೋರು ತಲೆ ಎತ್ತದೆ ಪುಸ್ತಕದಲ್ಲಿ ಬರ್ಕೊಂಡ್ರು. ಆಚಾರಿ ಹೊರಡ್ವಾಗ ಒಂದೇ ಮಾತಂದ, ಮೆತ್ತಗೆ. "ಈ ಸಲ ಪೆಟ್ಟಿಗೆ ಸಮೇತ ಕೊಡಿ ಅಣ್ಣ, ನಾನೇ ಓದಿಸ್ಕೋತೀನಿ."

ನಾನು ರಟ್ಟನ್ನ ಒಲೆಗೆ ಹಾಕ್ದೆ. ಊರಿನ ಮಾತೆಲ್ಲ ಆಡೋ ನಾನು ಇದೊಂದನ್ನ ಇವತ್ತಿನವರೆಗೂ ನುಂಗ್ಕೊಂಡಿದೀನಿ. ಯಾರಿಗೂ ಕಾಣ್ಲಿಲ್ಲ. ಯಾರೂ ಕೇಳ್ಲಿಲ್ಲ. ನಮ್ಮನೆಯೋರ ಹೆಸ್ರು ಹಾಗೇ ಇದೆ, ಅಂಗಡಿ ಹಾಗೇ ನಡೀತಿದೆ. ಆಚಾರಿಗೆ ಮತ್ತೆ ಕೆಲ್ಸ ಬರೋಕೆ ಎರಡು ವರ್ಷ ಹಿಡೀತು. ಈಗ ನೋಡು, ತಾಲೂಕಲ್ಲಿ ಎಲ್ಲಿ ಸೇತುವೆ, ಎಲ್ಲಿ ಮೆಟ್ಟಿಲು, ಮೊದ್ಲು ಅವ್ನ ಮನೆ ಬಾಗ್ಲಿಗೇ ಬರ್ತಾರೆ. ಆದ್ರೆ ಅದು ಮಾತಲ್ಲ, ಕೆಲ್ಸ ಬರ್ದೇನೂ ಇರಬಹುದಿತ್ತು. ಹಾಗಂತ ಹೇಳ್ಕೊಂಡ್ರೆ ನಿಂಗೂ ಒಳ್ಳೇದಾಗತ್ತೆ ಅಂತ ನಾನು ಗ್ಯಾರಂಟಿ ಕೊಡೋಕಾಗಲ್ಲ. ನಾಳೆ ಸ್ಕೂಲಿನೋರು ನಿನ್ನ ಬೈಬಹುದು, ಕೆಲ್ಸ ಕಿತ್ಕೋಬಹುದು, ಎಪ್ಪತ್ತನ್ನೂ ಬಿಚ್ಚಿ ಮತ್ತೆ ಹೊಲಿ ಅನ್ನಬಹುದು. ನಾನು ಹೇಳೋದು ಏನಂದ್ರೆ...

ತಡಿ. ಗೇಟು ಸದ್ದಾಯ್ತು. ಗಿರಿಜಕ್ಕ ಅಲ್ಲ, ಕೆಮ್ಮು ಕೇಳು, ಅವ್ರೇ. ಸ್ಕರ್ಟು ಮಡಚು, ಬೇಗ. ಏನು? ಅವ್ರು ಪೇಟೇಲಿ ಅಂಗಡಿ ಮುಚ್ಚಿದ್ದು ನೋಡ್ಕೊಂಡೇ ಬಂದೆ, ಆಗ್ಲೇ ಮುಕ್ಕಾಲು ಗಂಟೆ ಆಯ್ತು, ಹತ್ತು ನಿಮಿಷದ ದಾರಿಗೆ ಇಷ್ಟು ಹೊತ್ತಾ ಅಂತೀಯಾ?

ಹೇಳ್ಕೊಂಡ ಆಚಾರಿ ದಿನಾ ಎರಡು ಸಲ ಆ ಸೇತುವೆ ದಾಟ್ತಾನೆ ಕಣೆ, ಸುಮ್ನಿದ್ದ ನಮ್ಮನೆಯೋರು ಏಳು ವರ್ಷದಿಂದ ಕೆರೆ ಸುತ್ಕೊಂಡೇ ಮನೆಗೆ ಬರೋದು.